ಕೊಂಡಪಲ್ಲಿಯ ಗೊಂಬೆ, ಕಾಡಿನ ಪೊಣಿಕಿ

ವಿಜಯವಾಡದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಇಬ್ರಾಹಿಂಪಟ್ನಂ ಬರುತ್ತದೆ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆ ಇಲ್ಲಿ ಅಗಲವಾಗಿ ಹರಿಯುತ್ತಾಳೆ. ಪಟ್ಟಿಸೀಮೆಯಲ್ಲಿ ಎತ್ತಿದ ಗೋದಾವರಿ ನೀರು ಕಾಲುವೆ ಹಿಡಿದು ಬಂದು ಅವಳನ್ನು ಕೂಡುವುದೂ ಇಲ್ಲೇ. 1979ರಿಂದ ವಿದ್ಯುತ್ ತಯಾರಿಸುತ್ತಿರುವ ನರ್ಲ ತಾತಾರಾವು ಉಷ್ಣ ಸ್ಥಾವರದ ಚಿಮಣಿಗಳು ದೂರದಿಂದಲೇ ಊರಿನ ಗುರುತು ಹೇಳುತ್ತವೆ. ಇದೇ ಮಂಡಲಕ್ಕೆ ಸೇರಿದ ಕೊಂಡಪಲ್ಲಿಯಲ್ಲಿ ಬೆಟ್ಟದ ಮೇಲೊಂದು ಕೋಟೆಯಿದೆ. 1516ರ ಸುಮಾರಿಗೆ ಕೃಷ್ಣದೇವರಾಯ ಗಜಪತಿಗಳಿಂದ ಅದನ್ನು ಗೆದ್ದುಕೊಂಡ. ಕೋಟೆಯ ಕೆಳಗಿನ ಬೀದಿಗಳಲ್ಲಿ ಸುಮಾರು 400 ವರ್ಷಗಳಿಂದ ಮರದ ಗೊಂಬೆ ಕೆತ್ತುವ ಮನೆಗಳಿವೆ. ತಮ್ಮ ಹಿರಿಯರು ರಾಜಸ್ಥಾನದಿಂದ ಬಂದವರೆಂದೂ ತಾವು ಮುಕ್ತ ಋಷಿಯ ವಂಶದವರೆಂದೂ ಹೇಳಿಕೊಳ್ಳುವ ಆರ್ಯಕ್ಷತ್ರಿಯರು ಇವರು. ಕೊಂಡಪಲ್ಲಿಯ ಮಾತು ಬಂದಾಗಲೆಲ್ಲ ನಾವು ಕುಶಲತೆಯನ್ನು ಹೊಗಳುತ್ತೇವೆ, ಮಾರುಕಟ್ಟೆ ಇಲ್ಲವೆಂದು ಮರುಗುತ್ತೇವೆ, ಹೊಸ ತಲೆಮಾರು ಉಳಿ ಹಿಡಿಯುತ್ತಿಲ್ಲವೆಂದು ಚಿಂತಿಸುತ್ತೇವೆ. ಈ ಮೂರೂ ಮಾತಿನಲ್ಲಿ ಸತ್ಯವಿದೆ. ಆದರೆ ಗೊಂಬೆಯ ಆಯಸ್ಸನ್ನು ನಿರ್ಧರಿಸುವ ಸಂಗತಿ ಇವುಗಳಿಗಿಂತ ಹಿಂದೆ, ಕಾಡಿನಲ್ಲಿದೆ. ತೆಲುಗಿನಲ್ಲಿ ತೆಲ್ಲ ಪೊಣಿಕಿ ಎನ್ನುವ ಮರ ಸಿಗುವವರೆಗೆ ಮಾತ್ರ ಕೊಂಡಪಲ್ಲಿಯ ಗೊಂಬೆ ಕೊಂಡಪಲ್ಲಿಯದಾಗಿರುತ್ತದೆ. ಕೈಕಸುಬನ್ನು ಉಳಿಸುವ ನಮ್ಮ ಕಾನೂನು, ಯೋಜನೆ, ಅಭಿಮಾನ ಎಲ್ಲವೂ ಗೊಂಬೆ ಮಾರಾಟವಾಗುವ ತುದಿಯಲ್ಲಿ ನಿಂತಿವೆ. ಮರ ಹುಟ್ಟುವ ತುದಿಯಲ್ಲಿ ಯಾರೂ ನಿಂತಿಲ್ಲ ಎಂಬುದೇ ನನ್ನ ತಕರಾರು.

ಗೊಂಬೆ ಹೇಗಾಗುತ್ತದೆಂದು ನೋಡಿದರೆ ಈ ಮಾತಿನ ಕಾರಣ ತಿಳಿಯುತ್ತದೆ. ಪೊಣಿಕಿ ಬೆಂಡಿನಂತೆ ಹಗುರ, ಬಿಳಿಚು ಬಣ್ಣದ ಮೆತ್ತನೆ ಮರ. ಕಡಿದು ತಂದ ತುಂಡನ್ನು ಮೊದಲು ಬಿಸಿಲಲ್ಲಿ ಒಣಗಿಸಿ, ಸಣ್ಣ ಉರಿಯ ಮೇಲೆ ಕಾಯಿಸಿ ಒಳಗಿನ ಪಸೆ ಪೂರ್ತಿ ಹೋಗುವಂತೆ ಮಾಡುತ್ತಾರೆ. ಪಸೆ ಉಳಿದರೆ ಮುಂದೆ ಬಣ್ಣ ಬಿರಿಯುತ್ತದೆ. ಆಮೇಲೆ ಬಾಚಿಯಿಂದ ಒರಟು ಆಕಾರ, ಉಳಿಯಿಂದ ಅಂಗಾಂಗ, ಅರದಿಂದ ನಯ. ಚನ್ನಪಟ್ಟಣದಂತೆ ಇಲ್ಲಿ ತಿರುಗುವ ಯಂತ್ರವಿಲ್ಲ. ಎಲ್ಲವೂ ಕೈಯ ಒತ್ತಡ, ಕಣ್ಣಿನ ಅಳತೆ. ಮೈ ಒಂದು ತುಂಡಾದರೆ ಕೈಕಾಲು ಬೇರೆ ತುಂಡು. ಅಂಬಾರಿ ಆನೆಯಲ್ಲಿ ಅಂಬಾರಿಯೂ ಮಾವುತನೂ ಪ್ರತ್ಯೇಕವಾಗಿ ಕೆತ್ತಿಸಿಕೊಂಡು ಬಂದು ಸೇರುತ್ತಾರೆ. ಜೋಡಿಸುವುದಕ್ಕೆ ಮೊಳೆಯಿಲ್ಲ. ಹುಣಸೆಬೀಜದ ಪುಡಿಯನ್ನು ಬೇಯಿಸಿ ಅಂಟು ಮಾಡಿ, ಅದೇ ಮರದ ಹೊಟ್ಟನ್ನು ಬೆರೆಸಿ ‘ಮಕ್ಕು’ ಎಂಬ ಕಣಕ ಸಿದ್ಧಪಡಿಸುತ್ತಾರೆ. ಬೆಸುಗೆಯೂ ಮಕ್ಕೇ, ಬಿರುಕು ಮುಚ್ಚುವುದೂ ಮಕ್ಕೇ, ಮೂಗು ಕಿವಿಗಳ ಉಬ್ಬು ತಗ್ಗು ತಿದ್ದುವುದೂ ಮಕ್ಕೇ. ಒಣಗಿದ ಮೇಲೆ ಸುಣ್ಣದ ಲೇಪ, ಅದರ ಮೇಲೆ ಬಣ್ಣ, ಕೊನೆಗೆ ಮೇಕೆಯ ಕೂದಲಿನ ಸಣ್ಣ ಕುಂಚದಿಂದ ಕಣ್ಣು ಹುಬ್ಬು. ದಶಾವತಾರ, ಎತ್ತಿನಗಾಡಿ, ತಾಳೆಮರ ಹತ್ತಿ ಕಳ್ಳು ಇಳಿಸುವವನು, ರಾಗಿಕಲ್ಲು ಬೀಸುವ ಹೆಂಗಸು, ಹೀಗೆ ಒಂದು ಹಳ್ಳಿಗೆ ಹಳ್ಳಿಯೇ ಈ ದಾರಿಯಲ್ಲಿ ಹುಟ್ಟುತ್ತದೆ. ಕರಾವಳಿ ಆಂಧ್ರದ ಮನೆಗಳಲ್ಲಿ ಸಂಕ್ರಾಂತಿಗೆ ‘ಬೊಮ್ಮಲ ಕೊಲುವು’ ಕೂರಿಸುತ್ತಾರೆ. ನಮ್ಮಲ್ಲಿ ದಸರೆಗೆ ಪಟ್ಟದ ಗೊಂಬೆ ಇಡುವಂತೆ. ಅಲ್ಲಿನ ಮೆಟ್ಟಿಲುಗಳ ಮೇಲೆ ಕೂರಬೇಕಾದವರು ಈ ಊರಿನಿಂದಲೇ ಹೋಗುತ್ತಿದ್ದರು.

ಈ ಕೆಲಸದಲ್ಲಿ ಮರವನ್ನು ಬದಲಿಸಿದರೆ ಏನಾಗುತ್ತದೆ? ಮೊದಲ ಆಕ್ಷೇಪವೇ ಇದು: ಪೊಣಿಕಿ ಸಿಗದಿದ್ದರೆ ಬೇರೆ ಮರದಲ್ಲಿ ಮಾಡಲಿ, ಚನ್ನಪಟ್ಟಣದವರು ಮಾಡಿಲ್ಲವೇ? ಹೌದು, ಮಾಡಿದ್ದಾರೆ. ಚನ್ನಪಟ್ಟಣದ ಗೊಂಬೆ ಹುಟ್ಟಿದ್ದು ಆಲೆ ಮರದಲ್ಲಿ, ಈಗ ರಬ್ಬರ್ ಮರವೂ ಬೇರೆ ಮರಗಳೂ ಅಲ್ಲಿಗೆ ಬರುತ್ತವೆ. ಆದರೆ ಆ ಗೊಂಬೆಯ ಜೀವ ಇರುವುದು ಚರಕಿಯಲ್ಲಿ ಮತ್ತು ಅರಗಿನಲ್ಲಿ. ಮರ ಗರಗರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ತಾಳೆಗರಿಯಿಂದ ಒರೆಸಿದರೆ ಕನ್ನಡಿಯಂಥ ಹೊಳಪು. ಕೆಳಗಿರುವ ಮರ ಯಾವುದೆಂದು ಕೊಳ್ಳುವವರಿಗೆ ಕಾಣುವುದೇ ಇಲ್ಲ. ಯಂತ್ರದ ಬಲ ಇರುವುದರಿಂದ ಮರ ಒಂದಿಷ್ಟು ಗಟ್ಟಿಯಾದರೂ ನಡೆಯುತ್ತದೆ. ಕೊಂಡಪಲ್ಲಿಯಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಕೆತ್ತುವುದು ಮಣಿಕಟ್ಟು. ಬೆರಳಿಗಿಂತ ಸಣ್ಣ ಕೈಯನ್ನೋ ಆನೆಯ ಸೊಂಡಿಲನ್ನೋ ಗಟ್ಟಿ ಮರದಲ್ಲಿ ಕೆತ್ತಲು ಹೊರಟರೆ ಒಂದು ಗೊಂಬೆಗೆ ಹಿಡಿಯುವ ಹೊತ್ತು ಹಲವು ಪಟ್ಟು ಏರುತ್ತದೆ, ಬೆಲೆಯೂ ಏರುತ್ತದೆ, ಕೊಳ್ಳುವ ಮನೆ ಕಡಿಮೆಯಾಗುತ್ತದೆ. ಮೆತ್ತಗಿದ್ದೂ ಸೀಳದ, ಹಗುರವಿದ್ದೂ ಮಕ್ಕನ್ನು ಕಚ್ಚಿ ಹಿಡಿಯುವ ಮರವೇ ಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸಹ ಹಗುರ ಮರ, ಹುಣಸೆಬೀಜದ ಅಂಟು, ಬಿಡಿ ತುಂಡುಗಳ ಜೋಡಣೆ, ಮೇಲೆ ಲೇಪ ಎಂಬ ಇದೇ ದಾರಿಯಲ್ಲಿ ದೇವರ ವಿಗ್ರಹ ಗೊಂಬೆಗಳನ್ನು ಮಾಡುತ್ತ ಬಂದಿದ್ದಾರೆ. ನೂರಾರು ಕಿಲೋಮೀಟರ್ ದೂರದ ಎರಡು ಊರುಗಳಲ್ಲಿ ಒಂದೇ ಬಗೆಯ ಕ್ರಮ ಬೆಳೆದದ್ದಕ್ಕೆ ಒಣ ಕಾಡಿನ ಮೆತ್ತನೆ ಮರವೇ ಕಾರಣವಿರಬೇಕು ಎಂದು ನನಗನ್ನಿಸುತ್ತದೆ. ಮರ ಹೇಗೋ ಹಾಗೆ ಕಸುಬು.

ಇದು ಕೊಂಡಪಲ್ಲಿಯೊಂದರ ಕಥೆಯಲ್ಲ. ಹೊರಗಿನ ಜಗತ್ತಿನಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ತೋರಿಸುವ ಜಾಗ ಮೆಕ್ಸಿಕೋದ ವಹಾಕಾ ಕಣಿವೆ. ಅಲ್ಲಿ ಸಾನ್ ಬಾರ್ತೊಲೊ ಕೊಯೊತೆಪೆಕ್ ಎಂಬ ಕುಂಬಾರರ ಊರಿದೆ. ಜಪೊಟೆಕ್ ಜನ ಸ್ಪೇನಿನವರು ಬರುವ ಮೊದಲಿನಿಂದಲೂ ಅಲ್ಲಿ ಮಡಕೆ ಮಾಡುತ್ತಿದ್ದಾರೆ. ಅವರದು ನಮ್ಮ ಕುಂಬಾರನ ಅಚ್ಚಿನ ತಿಗರಿಯಲ್ಲ. ಒಂದು ಮಣ್ಣಿನ ತಟ್ಟೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಇನ್ನೊಂದು ತಟ್ಟೆ ಇಟ್ಟು, ಮೇಲಿನದನ್ನು ಕೈಯಿಂದ ತಿರುಗಿಸುತ್ತ ಮಡಕೆ ಎಬ್ಬಿಸುತ್ತಾರೆ. ಹೊಗೆ ಹೊರಹೋಗದಂತೆ ಗೂಡನ್ನು ಮುಚ್ಚಿ ಸುಡುವುದರಿಂದ ಮಣ್ಣು ಕಪ್ಪಾಗುತ್ತದೆ. ಹಿಂದೆ ಆ ಮಡಕೆಗಳು ಬೂದುಗಪ್ಪು, ಹೊಳಪಿಲ್ಲದವು, ಆದರೆ ಗಟ್ಟಿ. ನೀರು ಮತ್ತು ಮೆಸ್ಕಾಲ್ ಎಂಬ ಮದ್ಯ ತುಂಬಲು ಬಳಕೆಯಾಗುತ್ತಿದ್ದವು. ತಗಡು, ಪ್ಲಾಸ್ಟಿಕ್ ಡಬ್ಬ ಬಂದ ಮೇಲೆ ಮಡಕೆಯ ಆ ಬಳಕೆ ಹೋಯಿತು. 1950ರ ದಶಕದಲ್ಲಿ ದೊನ್ಯಾ ರೋಸಾ ಎಂದು ಹೆಸರಾದ ರೋಸಾ ರೆಯಾಲ್ ಒಂದು ಉಪಾಯ ಕಂಡುಕೊಂಡಳು. ಸುಡುವ ಮುಂಚೆ, ಮಣ್ಣು ಇನ್ನೇನು ಒಣಗಬೇಕು ಎನ್ನುವಾಗ ಬೆಣಚುಕಲ್ಲಿನಿಂದ ಮೈಯನ್ನು ಉಜ್ಜಿ, ಸ್ವಲ್ಪ ಕಡಿಮೆ ಕಾವಿನಲ್ಲಿ ಸುಟ್ಟರೆ ಮಡಕೆ ಕರಿಕಲ್ಲಿನಂತೆ ಮಿನುಗುತ್ತದೆ. ಅಷ್ಟು ಕಾವಿನಲ್ಲಿ ಸುಟ್ಟದ್ದು ನೀರು ಹಿಡಿಯುವುದಿಲ್ಲ. ಆದರೆ ನೋಡಲು ಕೊಳ್ಳುವವರು ದೇಶ ವಿದೇಶಗಳಿಂದ ಬಂದರು. ರೋಸಾ 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಊರಿಗೆ ಊರೇ ಆ ಕ್ರಮವನ್ನು ಹಿಡಿದಿತ್ತು. ಬಳಕೆ ಸತ್ತರೂ ಕಸುಬು ಬದುಕಿತು. ಊರಿನ ಮಣ್ಣು ಮೊದಲಿನಂತೆ ಕೈಗೆಟುಕುವಲ್ಲೇ ಇತ್ತು, ಅದನ್ನು ಬೇರೆ ರೀತಿ ಉಜ್ಜುವುದಷ್ಟೇ ಉಳಿದಿತ್ತು.

ಅದೇ ಕಣಿವೆಯಲ್ಲಿ ಕೆಲವೇ ಮೈಲಿ ಆಚೆ ಸಾನ್ ಮಾರ್ತಿನ್ ತಿಲ್ಕಹೆತೆ ಎಂಬ ಊರು. ಇದು ಮರ ಕೆತ್ತುವವರದು. ಅಲೆಬ್ರಿಹೆ ಎನ್ನುವ, ರೆಕ್ಕೆ ಕೋಡುಗಳ ಬಣ್ಣಬಣ್ಣದ ವಿಚಿತ್ರ ಪ್ರಾಣಿಗಳನ್ನು ಅಲ್ಲಿ ಕೋಪಲ್ ಎಂಬ ಮೆತ್ತನೆ ಮರದಲ್ಲಿ ಕೆತ್ತುತ್ತಾರೆ. ಈ ಕಸುಬಿಗೆ ಮಾರುಕಟ್ಟೆಯ ಬರವಿರಲಿಲ್ಲ. ಪ್ರವಾಸಿಗರು ಮುಗಿಬಿದ್ದು ಕೊಂಡರು. ಕೊಂಡಷ್ಟೂ ಸುತ್ತಲಿನ ಬೆಟ್ಟಗಳ ಕೋಪಲ್ ಕರಗಿತು, ಮರಕ್ಕಾಗಿ ದೂರದೂರದ ಕಾಡುಗಳನ್ನು ಹುಡುಕುವಂತಾಯಿತು. ಕೊನೆಗೆ ಆ ಊರಿನ ಹೆಸರಾಂತ ಕಲಾವಿದ ದಂಪತಿ ಹಾಕೊಬೊ ಮತ್ತು ಮಾರಿಯಾ ಆಂಹೆಲೆಸ್ ಕೋಪಲ್ ಸಸಿ ನೆಡುವ ಕೆಲಸವನ್ನೂ ತಮ್ಮ ಕಾರ್ಯಾಗಾರದ ಭಾಗವನ್ನಾಗಿ ಮಾಡಿಕೊಂಡರು. ಒಂದೇ ಕಣಿವೆ, ಒಂದೇ ಬಗೆಯ ಜನ, ಒಂದೇ ಪ್ರವಾಸಿ ದಾರಿ. ಕುಂಬಾರ ಬಳಕೆ ಕಳೆದುಕೊಂಡೂ ಉಳಿದ. ಮರಗೆಲಸದವನು ಬೇಡಿಕೆ ಇದ್ದೂ ಇಕ್ಕಟ್ಟಿಗೆ ಬಿದ್ದ. ಮಾರುಕಟ್ಟೆ ಒಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕೊಂಡಪಲ್ಲಿ ಇವುಗಳಲ್ಲಿ ಎರಡನೆಯದಕ್ಕೆ ಹತ್ತಿರ. ಹಾಗೆಂದು ಕುಂಬಾರನಾದರೆ ಸುಖಿ ಎಂದೂ ತಿಳಿಯಬೇಕಿಲ್ಲ. ನಮ್ಮ ಹಳ್ಳಿಗಳ ಕೆರೆಗಳು ಬಡಾವಣೆಯಾದ ಕಡೆಗಳಲ್ಲಿ ಜೇಡಿಮಣ್ಣಿಗಾಗಿ ಲಾರಿ ಬಾಡಿಗೆ ಕೊಡಬೇಕಾದ ಕುಂಬಾರನಿಗೆ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಕಾನೂನಿನ ಕಡೆಯಿಂದ ಬರುತ್ತದೆ. ಕೊಂಡಪಲ್ಲಿ ಗೊಂಬೆಗೆ 1999ರ ಕಾಯ್ದೆಯಡಿ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ, ಇನ್ನೇನು ರಕ್ಷಣೆ ಬೇಕು? ಭೌಗೋಳಿಕ ಗುರುತು ಕಾಯುವುದು ಹೆಸರನ್ನು. ಬೇರೆ ಊರಿನವನು, ಬೇರೆ ಕ್ರಮದವನು ತನ್ನ ಸರಕಿಗೆ ಕೊಂಡಪಲ್ಲಿ ಎಂದು ಚೀಟಿ ಅಂಟಿಸಬಾರದು, ಅಷ್ಟೇ ಅದರ ಬಲ. ಹತ್ತು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳುತ್ತ ಹೋಗಬಹುದು, ಮರ ನವೀಕರಣವಾಗುವುದಿಲ್ಲ. ಮೆಕ್ಸಿಕೋದ ಪ್ವೆಬ್ಲಾ ನಗರದ ತಲವೇರಾ ಎಂಬ ಬಿಳಿ ನೀಲಿ ಹೊಳಪಿನ ಪಿಂಗಾಣಿಯಂಥ ಮಡಕೆಗೆ ಅಲ್ಲಿನ ಸರ್ಕಾರ ಇಂಥದ್ದೇ ರಕ್ಷಣೆ ಕೊಟ್ಟಿದೆ. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಅದು ಸೇರಿತು. ಆದರೆ ಅಲ್ಲಿನ ನಿಯಮ ಬರೀ ಊರಿನ ಹೆಸರಲ್ಲಿ ನಿಲ್ಲುವುದಿಲ್ಲ. ಕಪ್ಪು ಮಣ್ಣು, ಬಿಳಿ ಮಣ್ಣು ಎರಡನ್ನೂ ಬೆರೆಸುವುದರಿಂದ ಹಿಡಿದು ಎರಡು ಸಲ ಸುಡುವವರೆಗೆ ಕ್ರಮವನ್ನೇ ಅದು ಕಟ್ಟಿಹಾಕುತ್ತದೆ. ಹೆಸರು ಅರ್ಥ ಪಡೆಯುವುದು ಕಚ್ಚಾವಸ್ತುವಿನಿಂದ ಎಂಬುದನ್ನು ಅದು ಒಪ್ಪಿಕೊಂಡಿದೆ. ಕೊಂಡಪಲ್ಲಿ ಎಂಬ ಹೆಸರಿನ ಬೆನ್ನಿಗೆ ನಿಂತಿರುವುದು ಪೊಣಿಕಿ. ಮರ ಇಲ್ಲದ ದಿನ ಆ ಗುರುತು ಯಾವುದನ್ನು ಕಾಯುತ್ತದೆ?

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2020ರ ಆಗಸ್ಟಿನಲ್ಲಿ ಪ್ರಧಾನಿ ತಮ್ಮ ಆಕಾಶವಾಣಿ ಭಾಷಣದಲ್ಲಿ ಚನ್ನಪಟ್ಟಣದ ಜೊತೆಗೆ ಕೊಂಡಪಲ್ಲಿಯ ಹೆಸರನ್ನೂ ಹೇಳಿದರು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು. ಜಗಲಿಯ ಮೇಲೆ ಕೂತು ಕೆತ್ತುವವನಿಂದ ಪ್ರಯೋಗಾಲಯದ ಪರೀಕ್ಷೆಗೆ ಹಣ ಕೇಳುವುದು ಸಲ್ಲದು, ವಿನಾಯಿತಿ ಸರಿಯಾದದ್ದೇ. ಆದರೂ ಇವೆಲ್ಲ ಮಾರಾಟದ ತುದಿಯ ಕ್ರಮಗಳೆಂಬುದನ್ನು ಮರೆಯಲಾಗದು. ಜೊತೆಗೆ ವಿನಾಯಿತಿ ಒಂದು ಪ್ರಶ್ನೆಯನ್ನು ಹಾಗೆಯೇ ಉಳಿಸಿದೆ. ಅದು ಬಣ್ಣದ ಪ್ರಶ್ನೆ.

ಹಿಂದೆ ಗಿಡಮೂಲದ ಬಣ್ಣಗಳಲ್ಲಿ ಅರಳುತ್ತಿದ್ದ ಗೊಂಬೆ ಈಗ ಹೆಚ್ಚಾಗಿ ಅಂಗಡಿಯ ಎನಾಮಲ್ ಬಣ್ಣ ಬಳಿದುಕೊಂಡಿರುತ್ತದೆ. ಬೇಗ ಒಣಗುತ್ತದೆ, ಮಿಂಚುತ್ತದೆ, ನೀರು ಬಿದ್ದರೂ ಹೋಗುವುದಿಲ್ಲ. ಶುದ್ಧ ಸಂಪ್ರದಾಯದ ಪರವಾದವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ರೂಪ ಬದಲಾಯಿತು, ಬಣ್ಣ ಬದಲಾಯಿತು, ಇನ್ನೇನು ಸಂಪ್ರದಾಯ ಉಳಿಯಿತು ಎನ್ನುತ್ತಾರೆ. ಕೊಯೊತೆಪೆಕ್ಕಿನ ಕಪ್ಪು ಮಡಕೆಯ ನಂತರ ಈ ವಾದಕ್ಕೆ ಬಲವಿಲ್ಲ. ಅಲ್ಲಿ ಇಂದು ‘ಸಾಂಪ್ರದಾಯಿಕ’ ಎನಿಸಿಕೊಂಡ ಹೊಳಪಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ರೂಪ, ಬಣ್ಣ ಬದಲಾಗಲಿ, ಕುಶಲಕರ್ಮಿಗೆ ಆ ಸ್ವಾತಂತ್ರ್ಯ ಬೇಕು. ನನ್ನ ಕಾಳಜಿ ಇರುವುದು ಸೀಸದ ಬಗ್ಗೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ನಿಯಮ ಕಾಗದದಲ್ಲಿದ್ದರೆ ಸಾಲದು, ಹಳ್ಳಿಯ ಅಂಗಡಿಯ ಡಬ್ಬಿಯಲ್ಲಿ ಏನಿದೆ ಎಂಬುದು ಕುಂಚ ಹಿಡಿದವನಿಗೆ ಗೊತ್ತಾಗುವ ದಾರಿ ಬೇಕು. ದಿನವಿಡೀ ಆ ವಾಸನೆ ಕುಡಿಯುವವನು ಅವನೇ, ಅವನ ಮನೆಯ ಮಕ್ಕಳೇ. ಮೆಕ್ಸಿಕೋದ ಕುಂಬಾರರು ಇದನ್ನು ದೊಡ್ಡ ಬೆಲೆ ತೆತ್ತು ಕಲಿತರು. ಅಡುಗೆಯ ಮಡಕೆಗೆ ಅವರು ಹಚ್ಚುತ್ತಿದ್ದ ‘ಗ್ರೇಟಾ’ ಎಂಬ ಹೊಳಪು ಸೀಸದ್ದು. ಕಟ್ಟಿಗೆ ಗೂಡಿನ ಕಡಿಮೆ ಕಾವಿನಲ್ಲೇ ಕರಗುತ್ತದೆಂಬ ಕಾರಣಕ್ಕೆ ನೂರಾರು ವರ್ಷ ಬಳಕೆಯಲ್ಲಿತ್ತು. ಹುಳಿ ಪದಾರ್ಥ ಬಿದ್ದರೆ ಸೀಸ ಊಟಕ್ಕೆ ಇಳಿಯುತ್ತದೆ. ಬರೀ ನಿಷೇಧ ಹಾಕಿದ್ದರೆ ಒಲೆ ಆರಿಹೋಗುತ್ತಿತ್ತು. 1974ರಲ್ಲಿ ಹುಟ್ಟಿದ ಫೋನಾರ್ಟ್ ಎಂಬ ಅಲ್ಲಿನ ಕರಕುಶಲ ನಿಧಿಯೂ ಇತರರೂ ಅದೇ ಗೂಡಿನ ಕಾವಿಗೆ ಕರಗುವ, ಸೀಸವಿಲ್ಲದ ಹೊಳಪನ್ನು ಕುಂಬಾರರ ಕೈಗೆ ತಲುಪಿಸುವ ಪ್ರಯತ್ನ ಮಾಡಿದರು. ಆ ಕೆಲಸ ಇನ್ನೂ ಮುಗಿದಿಲ್ಲ, ಆದರೆ ದಿಕ್ಕು ಸರಿಯಾದದ್ದು. ಕೊಂಡಪಲ್ಲಿಗೆ ವಿನಾಯಿತಿ ಕೊಟ್ಟವರು ಸುರಕ್ಷಿತ ಬಣ್ಣವನ್ನೂ ಕೊಂಡುಕೊಳ್ಳಬಹುದಾದ ಬೆಲೆಗೆ ತಲುಪಿಸಬೇಕಾಗಿತ್ತು. ಇದೂ ಕಚ್ಚಾವಸ್ತುವಿನ ಮಾತೇ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಪಕ್ಕದಲ್ಲೇ ವಿದ್ಯುತ್ ಸ್ಥಾವರ, ಕೊಂಡಪಲ್ಲಿಯ ಕೈಗಾರಿಕಾ ಪ್ರದೇಶ, ಅರ್ಧ ಗಂಟೆಯಲ್ಲಿ ವಿಜಯವಾಡ. ತಿಂಗಳ ಸಂಬಳ ಸಿಗುವಾಗ ಮಗ ಅಪ್ಪನ ಉಳಿಯನ್ನೇ ಹಿಡಿಯಬೇಕೆಂದು ನಾವು ಏಕೆ ಬಯಸಬೇಕು? ಬಯಸಬಾರದು. ಹುಟ್ಟಿನಿಂದ ಕಸುಬು ಕಟ್ಟಿಕೊಡುವ ವ್ಯವಸ್ಥೆಯನ್ನು ಕಲೆಯ ಹೆಸರಿನಲ್ಲಿ ಯಾರೂ ಮರಳಿ ತರಬಾರದು. ಆದರೆ ಕಸುಬು ಉಳಿಯಲು ವಂಶ ಬೇಕೇ ಬೇಕೆಂಬುದೂ ನಿಜವಲ್ಲ. ಮೆಕ್ಸಿಕೋದ ಉತ್ತರದಲ್ಲಿ ಮಾತಾ ಓರ್ತಿಸ್ ಎಂಬ ಬಡ ಹಳ್ಳಿಯಲ್ಲಿ ಹುವಾನ್ ಕೆಸಾದಾ ಎಂಬ ಹುಡುಗ ಸೌದೆ ತರಲು ಹೋದಾಗ ಹಳೆಯ ಕಾಸಾಸ್ ಗ್ರಾಂದೆಸ್ ನಾಗರಿಕತೆಯ ಮಡಕೆ ಚೂರುಗಳನ್ನು ಕಂಡ. ಕಲಿಸಲು ಗುರುವಿರಲಿಲ್ಲ, ಆ ಪರಂಪರೆ ನಿಂತು ಶತಮಾನಗಳಾಗಿದ್ದವು. ಊರ ಸುತ್ತಲಿನ ಮಣ್ಣನ್ನೂ ಕಲ್ಲಿನ ಬಣ್ಣವನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಚೂರುಗಳಿಂದಲೇ ಮಡಕೆಯ ಗುಟ್ಟು ಬಿಡಿಸಿದ. 1976ರಲ್ಲಿ ಸ್ಪೆನ್ಸರ್ ಮೆಕಾಲಂ ಎಂಬ ಅಮೆರಿಕದ ವ್ಯಕ್ತಿ ಗುಜರಿ ಅಂಗಡಿಯೊಂದರಲ್ಲಿ ಆ ಮಡಕೆಗಳನ್ನು ಕಂಡು ಮಾಡಿದವನನ್ನು ಹುಡುಕಿಕೊಂಡು ಹೋದ ಮೇಲೆ ಹೊರಜಗತ್ತಿಗೆ ಸುದ್ದಿ ತಿಳಿಯಿತು. ಕೆಸಾದಾ ನೆಂಟರಿಗೆ, ನೆರೆಯವರಿಗೆ ಕಲಿಸಿದ. ಒಂದು ತಲೆಮಾರಿನಲ್ಲಿ ಹಳ್ಳಿಯ ನೂರಾರು ಜನ ಕುಂಬಾರರಾದರು. ಅವರಲ್ಲಿ ಯಾರೂ ಕುಂಬಾರರಾಗಿ ಹುಟ್ಟಿದವರಲ್ಲ. ಗುರು ಸತ್ತರೂ, ವಂಶ ಮುರಿದರೂ, ಚೂರು ಮತ್ತು ಮಣ್ಣು ಇದ್ದರೆ ಕಸುಬು ಮರಳಿ ಹುಟ್ಟಬಹುದು. ಕೊಂಡಪಲ್ಲಿಯ ಗೊಂಬೆಗಳು ಮನೆಮನೆಯ ಪೆಟ್ಟಿಗೆಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಇರುತ್ತವೆ. ನೂರು ವರ್ಷದ ಮೇಲೆ ಯಾವಳೋ ಹುಡುಗಿ ಒಂದನ್ನು ಬಿಚ್ಚಿ ನೋಡಿ ಕಲಿಯಲು ಹೊರಟರೆ ಮಕ್ಕಿನ ಹುಣಸೆಬೀಜ ಸಿಗುತ್ತದೆ, ಸುಣ್ಣ ಸಿಗುತ್ತದೆ. ಮರ ಸಿಗುತ್ತದೆಯೇ?

ಕೊನೆಯ ಆಕ್ಷೇಪ ಕಾಡಿನ ಕಡೆಯದು, ಅದನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಕಾಡು ಕಡಿಮೆಯಾಗುತ್ತಿರುವ ಕಾಲದಲ್ಲಿ ಗೊಂಬೆಗಾಗಿ ಮರ ಕಡಿಯುವುದನ್ನು ಸಮರ್ಥಿಸಬಹುದೇ? ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಕೊಡಲಿ ಹಾಕುವುದು ಅಪರಾಧ, ಹಾಗೆಯೇ ಇರಬೇಕು. ಆದರೆ ಗೊಂಬೆಯ ಹಸಿವು ಎಷ್ಟು ಸಣ್ಣದೆಂದು ಲೆಕ್ಕ ಹಾಕಬೇಕು. ಅಂಗೈಯಗಲದ ಗೊಂಬೆಗೆ ಬೇಕಾದದ್ದು ಅಂಗೈಯಗಲದ ಮರ. ಕೆತ್ತುವಾಗ ಉದುರಿದ ಹೊಟ್ಟೂ ಮಕ್ಕಿಗೆ ಹೋಗುತ್ತದೆ. ಕೊಲುವು ಮುಗಿದ ಮೇಲೆ ಹಳೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿದ ಗೊಂಬೆ ಅಜ್ಜಿಯಿಂದ ಮೊಮ್ಮಗಳವರೆಗೆ ನಡೆಯುತ್ತದೆ, ವರ್ಷ ವರ್ಷ ಹೊಸದು ಬೇಡ. ಸೌದೆಗೂ ರಸ್ತೆಗೂ ಗಣಿಗೂ ಹೋಗುವ ಕಾಡಿನ ಪಕ್ಕದಲ್ಲಿ ಇದು ಏನೂ ಅಲ್ಲ. ಅಷ್ಟನ್ನು ಕಾಡಿನಿಂದ ಕೇಳದೆ ಬೆಳೆಸಿಕೊಳ್ಳಲೂ ಬರುತ್ತದೆ. ಕಾಲುವೆ ದಂಡೆ, ಊರ ಗೋಮಾಳ, ದೇವಸ್ಥಾನದ ಭೂಮಿ, ಬೆಟ್ಟದ ಬುಡ, ಎಲ್ಲಾದರೂ ಕೆಲವು ಎಕರೆ ಗುರುತಿಸಿ ಅದರ ಮರದ ಮೇಲೆ ಕುಶಲಕರ್ಮಿಗಳ ಸಂಘಕ್ಕೆ ಲಿಖಿತ ಹಕ್ಕು ಕೊಟ್ಟರೆ ಆಯಿತು. ತೊಡಕಿರುವುದು ಸಸಿಯಲ್ಲಿ. ಪೊಣಿಕಿಯ ಬೀಜದ ಹೊರಕವಚ ಗಟ್ಟಿ, ಸುಲಭಕ್ಕೆ ಮೊಳೆಯುವುದಿಲ್ಲ. ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ, ಆದ್ದರಿಂದ ಒಂಟಿ ಮರ ಎಷ್ಟು ದೊಡ್ಡದಾದರೂ ಬೀಜ ಕಟ್ಟುವುದಿಲ್ಲ. ಕಾಡಿನಲ್ಲಿ ಉಳಿದಿರುವ ಹೆಣ್ಣು ಮರಗಳನ್ನು ಗುರುತು ಹಾಕಿ ಅವುಗಳಿಗೆ ಕೊಡಲಿ ತಾಕದಂತೆ ಮಾಡುವುದು, ಹತ್ತಿರದ ಗಂಡು ಮರವನ್ನೂ ಉಳಿಸುವುದು, ಉದುರಿದ ಬೀಜ ಆರಿಸಿ ನರ್ಸರಿಗೆ ತಲುಪಿಸುವುದು, ಅಲ್ಲಿ ಕವಚ ಬಿಡಿಸಿ ಮೊಳೆಯಿಸುವ ಕ್ರಮ ಕಲಿತವರನ್ನು ಇಡುವುದು, ಇಷ್ಟರಿಂದ ಕೆಲಸ ಶುರುವಾಗಬೇಕು.